ಮುಧೋಳ ನಾಯಿಗೆ ಚಿಪ್ ಹಾಕಿದ್ದೀರಿ ಸರಿ, ಹೆಸರು ಎಲ್ಲಿ ಬರೆದಿದ್ದೀರಿ?

ನಮ್ಮ ಕಡೆ ಮುಧೋಳ ನಾಯಿಮರಿ ಮಾರುವವರು ಈಗ ಹೊಸ ಮಾತೊಂದು ಕಲಿತಿದ್ದಾರೆ. ‘ಚಿಪ್ ಹಾಕೀವ್ರಿ, ಚಿಂತಿ ಮಾಡಬ್ಯಾಡ್ರಿ.’ ಈ ಒಂದು ಮಾತಿಗೆ ಮರಿಯ ಬೆಲೆ ಏರುತ್ತದೆ. ಕೊಂಡವರು ಇನ್ನು ನಾಯಿ ಎಲ್ಲಿಗೆ ಹೋದರೂ ಸಿಗುತ್ತದೆ ಎಂದು ನಂಬಿ ಮನೆಗೆ ಹೋಗುತ್ತಾರೆ.

ನಾವು ನೇರವಾಗಿ ಹೇಳುತ್ತೇವೆ: ಈಗಿರುವ ಸ್ಥಿತಿಯಲ್ಲಿ ಆ ಚಿಪ್ ನಿಮ್ಮ ನಾಯಿಯನ್ನು ಕಾಯುವುದಿಲ್ಲ. ಚಿಪ್ ಬೇಡ ಎಂದು ನಾವು ಹೇಳುತ್ತಿಲ್ಲ, ಅದು ಬೇಕೇ ಬೇಕು. ಆದರೆ ಆ ನಂಬರಿನ ಮುಂದೆ ನಿಮ್ಮ ಹೆಸರು ಎಲ್ಲೂ ಬರೆದಿಲ್ಲ ಎಂದರೆ, ಅದನ್ನು ಓದುವ ರೀಡರ್ ನಿಮ್ಮ ತಾಲ್ಲೂಕಿನಲ್ಲಿ ಇಲ್ಲ ಎಂದರೆ, ಚಿಪ್ ಇದ್ದೂ ಇಲ್ಲದ ಹಾಗೆ.

ಇದನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ಕಣ್ಣಾರೆ ನೋಡಿ ಹೇಳುತ್ತಿದ್ದೇವೆ.

ತನ್ನ ನಾಯಿಯನ್ನೇ ಎರಡನೇ ಸಲ ಕೊಂಡ ರೈತ

ಕಳೆದ ಕಬ್ಬಿನ ಹಂಗಾಮಿನಲ್ಲಿ ನಮಗೆ ಪರಿಚಯದ ರೈತರೊಬ್ಬರ ಎರಡು ವರ್ಷದ ಹೆಣ್ಣು ನಾಯಿ ತೋಟದ ವಸ್ತಿಯಿಂದ ಕಾಣೆಯಾಯಿತು. ರಾತ್ರಿ ಬೈಕಿನಲ್ಲಿ ಬಂದ ಇಬ್ಬರು ಹೊತ್ತೊಯ್ದರು ಎಂದು ಪಕ್ಕದ ವಸ್ತಿಯವರು ಹೇಳಿದರು. ಇಪ್ಪತ್ತು ದಿನದ ಮೇಲೆ ಪಕ್ಕದ ತಾಲ್ಲೂಕಿನ ಊರೊಂದರಲ್ಲಿ ನಾಯಿ ಇರುವ ಸುದ್ದಿ ಬಂತು. ಹೋಗಿ ನೋಡಿದರೆ ಅದೇ ನಾಯಿ. ಇವರನ್ನು ಕಂಡ ಕೂಡಲೇ ಬಾಲ ಆಡಿಸುತ್ತ ಮೈಮೇಲೆ ಬಂತು. ಕಟ್ಟಿಕೊಂಡಿದ್ದವನು ಮಾತ್ರ ಜಗ್ಗಲಿಲ್ಲ. ‘ದಲ್ಲಾಳಿ ಕಡಿಂದ ರೊಕ್ಕ ಕೊಟ್ಟು ತಂದೀನ್ರಿ, ಪುಕ್ಕಟ ಬಂದಿಲ್ಲ’ ಎಂದ.

ನಾವೂ ಜೊತೆಗೆ ಠಾಣೆಗೆ ಹೋದೆವು. ‘ಈ ನಾಯಿ ನಿಮ್ಮದು ಅನ್ನಾಕ ಏನು ಪುರಾವೆ ಐತ್ರಿ?’ ಎಂಬುದು ಅಲ್ಲಿ ಕೇಳಿದ ಮೊದಲ ಪ್ರಶ್ನೆ. ಪ್ರಶ್ನೆಯಲ್ಲಿ ತಪ್ಪಿಲ್ಲ. ಮೊಬೈಲಿನಲ್ಲಿ ಫೋಟೊ ಇದ್ದವು. ಆದರೆ ಕಂದು ಬಣ್ಣದ, ಉದ್ದ ಮುಖದ, ಹೊಟ್ಟೆ ಒಳಗೆ ಹೋದ ಮುಧೋಳ ನಾಯಿ ಆ ಸುತ್ತಿನಲ್ಲಿ ಹತ್ತಾರು. ಫೋಟೊ ನೋಡಿ ಇದೇ ಎಂದು ಯಾರು ಹೇಳಬೇಕು?

‘ಚಿಪ್ ಐತ್ರಿ ಸಾಹೇಬ್ರ’ ಎಂದರು ರೈತರು. ಪಶು ಆಸ್ಪತ್ರೆಗೆ ಹೋದರೆ ಅಲ್ಲಿ ರೀಡರ್ ಇರಲಿಲ್ಲ. ಮೂರು ದಿನ ಓಡಾಡಿದ ಮೇಲೆ ಖಾಸಗಿ ಡಾಕ್ಟರೊಬ್ಬರು ರೀಡರ್ ತಂದರು. ನಾಯಿಯ ಹೆಗಲ ಮೇಲೆ ಆಡಿಸಿದರು. ಪೀಂ ಎಂದು ಸದ್ದಾಗಿ ಹದಿನೈದು ಅಂಕಿ ಬಂದವು. ರೈತರ ಮುಖ ಅರಳಿತು. ಆ ನಂಬರ್ ಯಾರ ಹೆಸರಿನಲ್ಲಿದೆ ಎಂದು ಹುಡುಕಿದರೆ ಯಾರ ಹೆಸರಿನಲ್ಲೂ ಇರಲಿಲ್ಲ. ಮರಿ ಮಾರಿದವನು ಚಿಪ್ ಚುಚ್ಚಿಸಿದ್ದ, ನೋಂದಣಿ ಮಾಡಿಸಿರಲಿಲ್ಲ. ನಂಬರಿನ ಸ್ಟಿಕರ್ ಕೊಟ್ಟಿದ್ದೆನೋ ಇಲ್ಲವೋ ಅವನಿಗೇ ನೆನಪಿರಲಿಲ್ಲ.

ಕೊನೆಗೆ ಹಿರಿಯರು ಕೂತು ರಾಜಿ ಮಾಡಿಸಿದರು. ರೈತರು ಆರು ಸಾವಿರ ರೂಪಾಯಿ ಕೊಟ್ಟು ನಾಯಿಯನ್ನು ಮನೆಗೆ ತಂದರು. ತಮ್ಮ ನಾಯಿಯನ್ನೇ ಎರಡನೇ ಸಲ ಕೊಂಡರು. ಚಿಪ್ ಅಷ್ಟೂ ದಿನ ಅದರ ಮೈಯೊಳಗೇ ಇತ್ತು.

ಚಿಪ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮೈಕ್ರೋಚಿಪ್ ಎಂದರೆ ಅಕ್ಕಿ ಕಾಳಿನಷ್ಟು ದೊಡ್ಡ ಗಾಜಿನ ಕೊಳವೆ. ದಪ್ಪ ಸೂಜಿಯಿಂದ ನಾಯಿಯ ಎರಡು ಹೆಗಲ ನಡುವೆ, ಚರ್ಮದ ಕೆಳಗೆ ಸೇರಿಸುತ್ತಾರೆ. ಲಸಿಕೆ ಸೂಜಿಗಿಂತ ಸ್ವಲ್ಪ ಹೆಚ್ಚು ನೋವು, ಒಂದು ಕ್ಷಣದ್ದು.

ಅದರಲ್ಲಿ ಬ್ಯಾಟರಿ ಇಲ್ಲ, ಸಿಮ್ ಇಲ್ಲ, ಜಿಪಿಎಸ್ ಇಲ್ಲ. ‘ಚಿಪ್ ಇದ್ದರೆ ನಾಯಿ ಎಲ್ಲಿದೆ ಅಂತ ಮೊಬೈಲಿನಲ್ಲಿ ಕಾಣುತ್ತದೆ’ ಎಂದು ಯಾರಾದರೂ ಹೇಳಿದರೆ ಅವರು ನಿಮಗೆ ಸುಳ್ಳು ಹೇಳುತ್ತಿದ್ದಾರೆ. ರೀಡರನ್ನು ಕೆಲವು ಇಂಚು ಹತ್ತಿರ ಹಿಡಿದಾಗ ಮಾತ್ರ ಅದು ತನ್ನ ನಂಬರ್ ಹೇಳುತ್ತದೆ. ಅದರೊಳಗೆ ನಿಮ್ಮ ಹೆಸರಿಲ್ಲ, ಊರಿಲ್ಲ, ಫೋನ್ ನಂಬರಿಲ್ಲ. ಇರುವುದು ಹದಿನೈದು ಅಂಕಿ ಮಾತ್ರ.

ಹಾಗಾಗಿ ಚಿಪ್ ಕೆಲಸ ಮಾಡಬೇಕಾದರೆ ಮೂರು ಕೂಡಬೇಕು. ನಾಯಿಯ ಮೈಯಲ್ಲಿ ನಂಬರ್. ಆ ನಂಬರ್ ಓದುವ ರೀಡರ್. ಆ ನಂಬರಿನ ಮುಂದೆ ಮಾಲೀಕನ ಹೆಸರು ಬರೆದ ಪುಸ್ತಕ. ನಮ್ಮಲ್ಲಿ ಮೊದಲನೆಯದನ್ನು ಮಾತ್ರ ಮಾರುತ್ತಾರೆ, ಉಳಿದ ಎರಡರ ಬಗ್ಗೆ ಮಾತಿಲ್ಲ.

ಎಮ್ಮೆಗೆ ಉಂಟು, ನಾಯಿಗೆ ಯಾಕಿಲ್ಲ?

ಇದು ನಮ್ಮಿಂದ ಆಗದ ಕೆಲಸವೇ? ನಿಮ್ಮ ಕೊಟ್ಟಿಗೆಗೆ ಹೋಗಿ ಎಮ್ಮೆಯ ಕಿವಿ ನೋಡಿ. ಹಳದಿ ಓಲೆ ಇದೆ, ಅದರ ಮೇಲೆ ಹನ್ನೆರಡು ಅಂಕಿ ಇವೆ. ಪಶು ಆಧಾರ್ ಎಂದು ಊರಲ್ಲೆಲ್ಲ ಅದಕ್ಕೆ ಹೆಸರು. ಆ ನಂಬರ್ ಹೊಡೆದರೆ ಮಾಲೀಕರು ಯಾರು, ಕಾಲುಬಾಯಿ ರೋಗದ ಲಸಿಕೆ ಯಾವಾಗ ಆಗಿದೆ ಎಂಬುದು ಸರ್ಕಾರದ ಕಂಪ್ಯೂಟರಿನಲ್ಲಿ ಬರುತ್ತದೆ. ಎಮ್ಮೆ ಸತ್ತರೆ ವಿಮೆಯವರು ಮೊದಲು ಕೇಳುವುದು ಓಲೆಯನ್ನು. ಓಲೆ ಇಲ್ಲದಿದ್ದರೆ ಕ್ಲೇಮ್ ಇಲ್ಲ.

ಓಲೆ ಎಂದರೆ ಒಂದು ಪ್ಲಾಸ್ಟಿಕ್ ತುಂಡು. ಚಿಪ್‌ನ ಮುಂದೆ ಅದು ಬಹಳ ಹಳೆಯ ಕಾಲದ ವಸ್ತು. ಆದರೂ ಅದು ಕೆಲಸ ಮಾಡುತ್ತದೆ, ಯಾಕೆಂದರೆ ಅದರ ಹಿಂದೆ ಪುಸ್ತಕ ಇದೆ. ನಾಯಿಯ ಚಿಪ್ ಹೊಸ ಕಾಲದ ವಸ್ತು, ಅದರ ಹಿಂದೆ ಏನೂ ಇಲ್ಲ. ಚಿಪ್ ಮಾರುವ ಒಂದೊಂದು ಕಂಪನಿಗೆ ಒಂದೊಂದು ವೆಬ್‌ಸೈಟು. ಕೆನಲ್ ಕ್ಲಬ್ಬಿನ ಪುಸ್ತಕ ಬೇರೆ. ಮಾರಿದವನ ಡೈರಿ ಬೇರೆ. ತೋಟದ ವಸ್ತಿಯಲ್ಲಿ ಇರುವ ರೈತ ಇದರಲ್ಲಿ ಯಾವುದನ್ನು ತೆರೆದು ತನ್ನ ಹೆಸರು ಸೇರಿಸಬೇಕು?

ನಿಯಮ ಇದೆ, ಕಾಗದದ ಮೇಲೆ

ಕಾನೂನೇ ಇಲ್ಲ ಎಂದುಕೊಳ್ಳಬೇಡಿ. ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಬೆಳೆಸುವವರಿಗೆ ಮತ್ತು ಮಾರುವವರಿಗೆ ನಿಯಮ ತಂದಿದೆ. ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಾಯಿಗಳಿಗೆ ಚಿಪ್ ಇರಬೇಕು, ದಾಖಲೆ ಇಡಬೇಕು.

ಈಗ ನೀವೇ ಹೇಳಿ. ನೀವು ಮರಿ ತಂದಾಗ ನೋಂದಣಿ ಪತ್ರ ತೋರಿಸಿದ್ದರೇ? ರಸೀದಿ ಕೊಟ್ಟಿದ್ದರೇ? ನಾವು ನೋಡಿರುವುದು ರಟ್ಟಿನ ಪೆಟ್ಟಿಗೆಯಲ್ಲಿ ಬಸ್ ಹತ್ತುವ ತಿಂಗಳ ಮರಿಗಳನ್ನು. ವಾಟ್ಸ್ಯಾಪಿನಲ್ಲಿ ಫೋಟೊ, ಫೋನ್‌ಪೇಯಲ್ಲಿ ಹಣ, ಅಲ್ಲಿಗೆ ವ್ಯವಹಾರ ಮುಗಿಯಿತು.

ರಸೀದಿ ಯಾಕೆ ಮುಖ್ಯ ಎಂದು ಕೇಳಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಕಳವಿನದು. ಕದ್ದ ಮಾಲಿನ ಬೆಲೆ ಐದು ಸಾವಿರಕ್ಕಿಂತ ಕಡಿಮೆ ಇದ್ದು, ಮೊದಲ ಸಲ ಸಿಕ್ಕಿಬಿದ್ದವನು ಮಾಲನ್ನು ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ, ಅಷ್ಟೇ. ಹದಿನೈದು ಸಾವಿರ ಕೊಟ್ಟು ತಂದ ಮರಿಗೆ ರಸೀದಿ ಇಲ್ಲ ಎಂದರೆ ಅದರ ಬೆಲೆ ಹದಿನೈದು ಸಾವಿರ ಎಂದು ಹೇಗೆ ತೋರಿಸುತ್ತೀರಿ? ‘ಒಂದು ನಾಯಿಗೆ ಇಷ್ಟೆಲ್ಲ ಯಾಕ್ರಿ’ ಎಂದು ಕೇಳುವವರ ಬಾಯಿಗೆ ನೀವೇ ಮಾತು ಕೊಟ್ಟಂತೆ ಆಗುತ್ತದೆ.

ಬೇರೆ ದೇಶದವರು ಏನು ಕಲಿತರು

ಬೇಟೆ ನಾಯಿಗೆ ಚಿಪ್ ಹಾಕಿದ ದೇಶಗಳು ಬಹಳ ಇವೆ. ಅವರ ಅನುಭವದಲ್ಲಿ ನಮಗೆ ಪಾಠ ಇದೆ.

ಸ್ಪೇನ್ ದೇಶದಲ್ಲಿ ಗಾಲ್ಗೊ ಎಂಬ ಬೇಟೆ ನಾಯಿ ಇದೆ. ನೋಡಿದರೆ ನಮ್ಮ ಮುಧೋಳ ನಾಯಿಯ ಅಣ್ಣತಮ್ಮನ ಹಾಗಿದೆ. ಅದೇ ಉದ್ದ ಕಾಲು, ಅದೇ ಸಣ್ಣ ನಡು, ಅದೇ ಓಟ, ಅದೂ ಮೊಲಕ್ಕೇ. ಅಲ್ಲಿ ನಾಯಿಗೆ ಚಿಪ್ ಕಡ್ಡಾಯ. ಆದರೂ ಪ್ರತಿ ವರ್ಷ ಚಳಿಗಾಲದ ಬೇಟೆ ಮುಗಿದ ಮೇಲೆ, ಫೆಬ್ರುವರಿ ಸುಮಾರಿಗೆ, ಓಡಲಾರದ ಗಾಲ್ಗೊಗಳನ್ನು ಬೀದಿಗೆ ಬಿಡುತ್ತಾರೆ. ಕುತ್ತಿಗೆ ಕೊಯ್ದು ಚಿಪ್ ಕಿತ್ತುಹಾಕಿದ ನಾಯಿಗಳು ತಮಗೆ ಸಿಗುತ್ತವೆ ಎಂದು ಅಲ್ಲಿನ ನಾಯಿ ಆಶ್ರಮದವರು ವರ್ಷಗಳಿಂದ ಹೇಳುತ್ತಿದ್ದಾರೆ. 2023ರಲ್ಲಿ ಸ್ಪೇನ್ ಹೊಸ ಪ್ರಾಣಿ ಕಲ್ಯಾಣ ಕಾನೂನು ತಂದಿತು. ಆದರೆ ಬೇಟೆಯವರ ಒತ್ತಡಕ್ಕೆ ಬೇಟೆ ನಾಯಿಗಳನ್ನು ಅದರಿಂದ ಹೊರಗಿಟ್ಟಿತು.

ಐರ್ಲೆಂಡಿನಲ್ಲಿ ಓಟದ ಗ್ರೇಹೌಂಡ್‌ಗಳ ಕಿವಿಯೊಳಗೆ ಹಚ್ಚೆ ಹಾಕುತ್ತಾರೆ. ಮಾಲೀಕನ ಗುರುತು ಸಿಗಬಾರದು ಎಂದು ಕಿವಿಯನ್ನೇ ಕತ್ತರಿಸಿ ಬಿಟ್ಟ ನಾಯಿಗಳು ಸಿಕ್ಕಿದ್ದುಂಟು.

ಇಂಗ್ಲೆಂಡಿನಲ್ಲಿ 2016ರ ಏಪ್ರಿಲ್‌ನಿಂದ ಎಂಟು ವಾರ ದಾಟಿದ ಪ್ರತಿ ನಾಯಿಗೂ ಚಿಪ್ ಕಡ್ಡಾಯ. ಬರೀ ಚಿಪ್ ಅಲ್ಲ, ಮಾಲೀಕನ ಹೆಸರು ವಿಳಾಸ ನೋಂದಣಿಯೂ ಕಡ್ಡಾಯ, ಮನೆ ಬದಲಾದರೆ ತಿದ್ದಿಸುವುದೂ ಕಡ್ಡಾಯ. ಅಲ್ಲಿಯೂ ಇಪ್ಪತ್ತಕ್ಕಿಂತ ಹೆಚ್ಚು ಬೇರೆ ಬೇರೆ ಡೇಟಾಬೇಸ್‌ಗಳಾಗಿ, ಯಾವ ನಾಯಿ ಯಾವುದರಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸವಾಯಿತು. ಕೊನೆಗೆ 2024ರಲ್ಲಿ ನಾಯಿ, ಬೆಕ್ಕು ಕದಿಯುವುದಕ್ಕೇ ಪ್ರತ್ಯೇಕ ಕಾನೂನು ತಂದು ಐದು ವರ್ಷದವರೆಗೆ ಜೈಲು ಎಂದರು.

ಇದರಿಂದ ಎರಡು ಮಾತು ತಿಳಿಯುತ್ತದೆ. ಒಂದು, ಪುಸ್ತಕ ಒಂದೇ ಇರಬೇಕು, ಹತ್ತು ಕಡೆ ಇದ್ದರೆ ಪ್ರಯೋಜನ ಇಲ್ಲ. ಎರಡು, ಗುರುತಿನ ಚಿಹ್ನೆ ನಾಯಿಯನ್ನು ಕಳ್ಳನಿಂದ ಸ್ವಲ್ಪ ಕಾಯಬಹುದು, ಕೆಟ್ಟ ಮಾಲೀಕನಿಂದ ತಾನಾಗಿಯೇ ಕಾಯುವುದಿಲ್ಲ. ಮಾಲೀಕ ಯಾರೆಂದು ಗೊತ್ತಾದ ಮೇಲೆ ಅವನನ್ನು ಕೇಳುವವರು ಬೇಕು.

‘ನಮ್ಮ ಹೆಸರು ಬ್ಯಾಡ್ರಿ’ ಎನ್ನುವವರಿಗೆ

ಇಲ್ಲಿ ನಮ್ಮವರ ತಪ್ಪೂ ಹೇಳಲೇಬೇಕು. ಈ ವಿಷಯ ಮಾತಾಡಿದಾಗಲೆಲ್ಲ ಕೆಲವರು ಮೆಲ್ಲಗೆ ಹೇಳುತ್ತಾರೆ: ‘ಚಿಪ್‌ನಾಗ ನಮ್ಮ ಹೆಸರು ಇತ್ತಂದ್ರ, ಹುಡುಗರು ಮೊಲಕ್ಕ ಹೋದಾಗ ನಾಯಿ ಸಿಕ್ಕಿಬಿದ್ರ, ಫಾರೆಸ್ಟಿನವರು ಮನಿಗೇ ಬರ್ತಾರಲ್ರಿ?’

ಹೌದು, ಬರುತ್ತಾರೆ. ಬರಬೇಕು ಕೂಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾಯಿ ಬಿಟ್ಟು ಮೊಲ ಹಿಡಿಸುವುದು ಅಪರಾಧ. ನಮ್ಮ ಅಜ್ಜಂದಿರು ಮಾಡುತ್ತಿದ್ದರು ಎಂಬುದು ಇವತ್ತು ಉತ್ತರವಲ್ಲ. ಇವತ್ತು ಮುಧೋಳ ನಾಯಿ ಮಾಡುವ ಕೆಲಸ ಬೇರೆ. ತೋಟ ಕಾಯುತ್ತದೆ, ಕುರಿ ಹಟ್ಟಿ ಕಾಯುತ್ತದೆ, ಹೊಲಕ್ಕೆ ಬರುವ ಹಂದಿಯ ಸುಳಿವು ಕೊಡುತ್ತದೆ. ಈ ಕೆಲಸ ಮಾಡಿಸುವವನು ಹೆಸರು ಬರೆಸಲು ಹೆದರಬೇಕಾಗಿಲ್ಲ.

ನಾಯಿ ಕಳವಾದಾಗ ‘ನನ್ನದು’ ಎನ್ನಬೇಕು, ಅದು ತಪ್ಪು ಮಾಡಿದಾಗ ‘ನನ್ನದಲ್ಲ’ ಎನ್ನಬೇಕು ಎಂದರೆ ನಡೆಯುವುದಿಲ್ಲ. ಹಕ್ಕು ಬೇಕಾದವನು ಹೊಣೆಯನ್ನೂ ಹೊರಬೇಕು.

ಇನ್ನು ಕೆಲವರು ಖರ್ಚಿನ ಮಾತು ಎತ್ತುತ್ತಾರೆ. ಚಿಪ್‌ಗೆ ಆಗುವುದು ಕೆಲವು ನೂರು ರೂಪಾಯಿ. ಹತ್ತು-ಹದಿನೈದು ಸಾವಿರ ಕೊಟ್ಟು ಮರಿ ತರುವವರಿಗೆ ಇದು ಭಾರವಲ್ಲ. ಭಾರ ಆಗುವುದು ಮನೆಯಲ್ಲೇ ಹುಟ್ಟಿದ ನಾಯಿ ಸಾಕಿದ ಕುರಿಗಾರರಿಗೆ, ಕೂಲಿಯವರಿಗೆ. ಅವರ ನಾಯಿಗೆ ಸರ್ಕಾರವೇ ಹಾಕಿಕೊಡಲಿ, ಎಮ್ಮೆಗೆ ಓಲೆ ಹಾಕಿದ ಹಾಗೆ.

ಬೇರೆ ಗುರುತುಗಳ ಲೆಕ್ಕ

ಕೊರಳ ಬೆಲ್ಟಿನ ಮೇಲೆ ಫೋನ್ ನಂಬರ್: ತಪ್ಪಿಸಿಕೊಂಡ ನಾಯಿ ಬೇಗ ಮನೆ ಸೇರಲು ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಸಿಕ್ಕವರು ಫೋನ್ ಮಾಡುತ್ತಾರೆ, ರೀಡರ್ ಬೇಕಿಲ್ಲ. ಆದರೆ ಕಳ್ಳ ಮೊದಲು ಬಿಚ್ಚುವುದು ಬೆಲ್ಟನ್ನೇ.

ಜಿಪಿಎಸ್ ಬೆಲ್ಟ್: ನಾಯಿ ಎಲ್ಲಿದೆ ಎಂದು ನಿಜವಾಗಿ ತೋರಿಸುತ್ತದೆ. ಚಾರ್ಜ್ ಇರಬೇಕು, ನೆಟ್‌ವರ್ಕ್ ಇರಬೇಕು. ಕಳ್ಳನ ಮುಂದೆ ಇದರ ಗತಿಯೂ ಅದೇ.

ಫೋಟೊ: ಪುಕ್ಕಟೆ, ಆದರೆ ಸರಿಯಾಗಿ ತೆಗೆಯಬೇಕು. ಎಡಗಡೆ, ಬಲಗಡೆ, ಎದುರಿನಿಂದ, ಮೂಗಿನ ಹತ್ತಿರದಿಂದ. ನಾಯಿಯ ಮೂಗಿನ ಗೆರೆಗಳು ನಮ್ಮ ಹೆಬ್ಬೆಟ್ಟಿನ ಹಾಗೆ, ಒಂದರದ್ದು ಇನ್ನೊಂದಕ್ಕೆ ಇಲ್ಲ. ಹಳೆಯ ಗಾಯದ ಕಲೆ, ಎದೆಯ ಬಿಳಿ ಮಚ್ಚೆ ಇದ್ದರೆ ಅದನ್ನೂ ತೆಗೆಯಿರಿ.

ಡಿಎನ್‌ಎ: ತಂದೆ-ತಾಯಿ ಯಾರೆಂದು ಹೇಳಬಲ್ಲದು, ಅವುಗಳ ಮಾದರಿ ಮೊದಲೇ ತೆಗೆದಿಟ್ಟಿದ್ದರೆ ಮಾತ್ರ. ಅದು ತಳಿ ಕಾಯುವವರಿಗೆ ಬೇಕು, ಠಾಣೆಯ ಜಗಳಕ್ಕೆ ದೂರದ ದಾರಿ.

ಬರೆ ಹಾಕುವುದು, ಕಿವಿ ಕತ್ತರಿಸಿ ಗುರುತು ಮಾಡುವುದು: ಇದು ಗುರುತಲ್ಲ, ಹಿಂಸೆ. ಯಾರೂ ಮಾಡಬೇಡಿ, ಮಾಡುವುದನ್ನು ಕಂಡರೆ ತಡೆಯಿರಿ.

ಇವುಗಳಲ್ಲಿ ಯಾವುದೂ ಒಂಟಿಯಾಗಿ ಸಾಲದು. ಚಿಪ್‌ನ ಒಂದು ಹೆಚ್ಚುಗಾರಿಕೆ ಎಂದರೆ ಅದು ಬಿಚ್ಚಿ ಎಸೆಯುವಂಥದ್ದಲ್ಲ, ನಾಯಿ ಇರುವವರೆಗೂ ಇರುತ್ತದೆ. ಆದ್ದರಿಂದಲೇ ನಾವು ಚಿಪ್ ಬೇಕು ಎನ್ನುತ್ತೇವೆ, ಹೆಸರಿನ ಜೊತೆಗೆ.

ಹೆಮ್ಮೆ ಸಾಕು, ಪುಸ್ತಕ ಇಡಿ

ಮುಧೋಳ ನಾಯಿಯ ಬಗ್ಗೆ ಹೆಮ್ಮೆಯ ಭಾಷಣಕ್ಕೆ ನಮ್ಮಲ್ಲಿ ಬರ ಇಲ್ಲ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ದೊರೆಗೆ ಈ ನಾಯಿಗಳನ್ನು ಕಾಣಿಕೆ ಕೊಟ್ಟ ಕಥೆ ಎಲ್ಲರ ಬಾಯಲ್ಲಿದೆ. 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ತಿಮ್ಮಾಪುರದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಿಂದ ಮರಿಗಳು ಮೀರತ್‌ನ ಸೈನ್ಯದ ತರಬೇತಿ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಹೆಸರು ಹೇಳಿದರು. ಕರ್ನಾಲಿನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಸಂಸ್ಥೆ ಇದನ್ನು ದೇಶದ ಮಾನ್ಯ ತಳಿಗಳ ಪಟ್ಟಿಗೆ ಸೇರಿಸಿದೆ.

ಹೆಸರು ಬಂದ ಹಾಗೆ ಬೇಡಿಕೆಯೂ ಬಂತು. ಬೇಡಿಕೆ ಬಂದಾಗ ಕಳ್ಳರೂ ಬಂದರು, ಗ್ರೇಹೌಂಡ್ ಜೊತೆ ಕೂಡಿಸಿದ ಮರಿಯನ್ನು ಅಪ್ಪಟ ಮುಧೋಳ ಎಂದು ಮಾರುವವರೂ ಬಂದರು. ತಳಿ ಕೆಡುವುದು, ನಾಯಿ ಕಳವಾಗುವುದು ಎರಡಕ್ಕೂ ಮೂಲ ಒಂದೇ. ಈ ಮರಿ ಯಾರದು, ಇದರ ತಂದೆ ತಾಯಿ ಯಾವುವು ಎಂದು ಬರೆದಿಟ್ಟ ಒಂದು ಪುಸ್ತಕ ನಮ್ಮಲ್ಲಿ ಇಲ್ಲ. ಈ ನಾಯಿಗೆ ಒಂದೇ ಹೆಸರೂ ಇಲ್ಲ: ಕರ್ನಾಲಿನ ಪಟ್ಟಿಯಲ್ಲಿ ಮುಧೋಳ ಹೌಂಡ್, ಕೆನಲ್ ಕ್ಲಬ್ ಆಫ್ ಇಂಡಿಯಾದ ಪುಸ್ತಕದಲ್ಲಿ ಕ್ಯಾರವಾನ್ ಹೌಂಡ್.

ಆದ್ದರಿಂದ ನಮ್ಮ ಬೇಡಿಕೆ ನಾಲ್ಕು.

1. ಮುಧೋಳ ನಾಯಿಗಳಿಗೆ ಒಂದೇ ನೋಂದಣಿ ಪುಸ್ತಕ ಇರಲಿ. ಅದನ್ನು ತಿಮ್ಮಾಪುರದ ಕೇಂದ್ರವೇ ಇಡಲಿ. ಮರಿಯ ನಂಬರಿನ ಜೊತೆ ತಂದೆ-ತಾಯಿಯ ನಂಬರೂ ಇರಲಿ.

2. ಪ್ರತಿ ತಾಲ್ಲೂಕು ಪಶು ಆಸ್ಪತ್ರೆಗೆ ಒಂದು ರೀಡರ್ ಕೊಡಿ. ಅದು ಲಕ್ಷದ ಯಂತ್ರವಲ್ಲ, ಕೆಲವು ಸಾವಿರದ್ದು.

3. ನಾಯಿ ಕೈ ಬದಲಾದಾಗ ಹೆಸರು ಬದಲಿಸುವುದು ಮಾರಿದವನ ಹೊಣೆಯಾಗಲಿ. ಬೈಕ್ ಮಾರಿದರೆ ಆರ್‌ಸಿ ಬದಲಾಗುವ ಹಾಗೆ.

4. ನಾಯಿಯ ಜಗಳ ಠಾಣೆಗೆ ಬಂದರೆ ಮೊದಲು ಸ್ಕ್ಯಾನ್ ಮಾಡಿಸಿ, ಆಮೇಲೆ ರಾಜಿಯ ಮಾತು.

ಸರ್ಕಾರ ಬರುವವರೆಗೆ ನೀವು ಮಾಡಬೇಕಾದ್ದು

ಮರಿ ಕೊಳ್ಳುವಾಗ ರಸೀದಿ ಬರೆಸಿಕೊಳ್ಳಿ. ಬಿಳಿ ಹಾಳೆಯಾದರೂ ಸರಿ. ತಾರೀಖು, ಬೆಲೆ, ಬಣ್ಣ, ಗಂಡೋ ಹೆಣ್ಣೋ, ಚಿಪ್ ನಂಬರ್, ಇಬ್ಬರ ಸಹಿ ಇರಲಿ.

ಚಿಪ್ ಇದೆ ಎಂದರೆ ‘ಓದಿ ತೋರಿಸ್ರಿ’ ಎನ್ನಿ. ತೋರಿಸಲು ಆಗದ ಚಿಪ್‌ಗೆ ದುಡ್ಡು ಕೊಡಬೇಡಿ. ಸ್ಟಿಕರ್ ತೆಗೆದುಕೊಂಡು ಲಸಿಕೆ ಕಾರ್ಡಿಗೆ ಅಂಟಿಸಿ. ಕಾರ್ಡಿನಲ್ಲಿ ನಿಮ್ಮ ಹೆಸರು ಬರೆಸಿ, ಡಾಕ್ಟರ ಸಹಿ, ಸೀಲು ಹಾಕಿಸಿ. ನಂಬರ್ ಯಾವ ವೆಬ್‌ಸೈಟಿನಲ್ಲಿ ನೋಂದಣಿ ಆಗುತ್ತದೆ ಎಂದು ಚಿಪ್ ಹಾಕಿದವರನ್ನೇ ಕೇಳಿ, ಅವರ ಮುಂದೆಯೇ ನಿಮ್ಮ ಫೋನ್ ನಂಬರ್ ಸೇರಿಸಿ. ಕಾರ್ಡಿನ ಫೋಟೊ ತೆಗೆದು ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿ.

ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆಗೆ ಹೋದಾಗ, ರೀಡರ್ ಇದ್ದರೆ ಚಿಪ್ ಓದಿಸಿ. ಚಿಪ್ ಕೆಲವೊಮ್ಮೆ ಹೆಗಲಿನಿಂದ ಪಕ್ಕಕ್ಕೆ ಜಾರಿರುತ್ತದೆ. ಭುಜ, ಎದೆ ಎಲ್ಲ ಕಡೆ ಆಡಿಸಿ ನೋಡಲು ಹೇಳಿ.

ನಾಯಿ ಕಳೆದರೆ ಅವತ್ತೇ ಲಿಖಿತ ದೂರು ಕೊಡಿ, ಚಿಪ್ ನಂಬರ್ ಅದರಲ್ಲಿ ಬರೆಯಿರಿ, ಸ್ವೀಕೃತಿ ಪಡೆಯಿರಿ. ಇಪ್ಪತ್ತು ದಿನ ಬಿಟ್ಟು ನಾಯಿ ಸಿಕ್ಕಾಗ ಆ ಹಾಳೆ ಮಾತಾಡುತ್ತದೆ.

ಆರು ಸಾವಿರ ಕೊಟ್ಟ ಆ ರೈತರ ನಾಯಿ ಈ ವರ್ಷ ಐದು ಮರಿ ಹಾಕಿತು. ಎಂಟು ವಾರ ತುಂಬಿದ ಮೇಲೆ ಅವರು ಐದಕ್ಕೂ ಚಿಪ್ ಹಾಕಿಸಿದರು, ಐದು ಹಾಳೆಯಲ್ಲಿ ಕೊಂಡವರ ಹೆಸರು, ಚಿಪ್ ನಂಬರ್, ತಾಯಿಯ ನಂಬರ್ ಬರೆದು ಸಹಿ ಮಾಡಿ ಕೊಟ್ಟರು. ಒಂದೊಂದು ನಕಲನ್ನು ತಮ್ಮ ಟ್ರಂಕಿನಲ್ಲಿ ಇಟ್ಟಿದ್ದಾರೆ. ಓದಿದ್ದು ಏಳನೇ ಇಯತ್ತೆ. ಅವರಿಂದ ಆಗುವ ಕೆಲಸ ಇಲಾಖೆಯಿಂದ ಯಾಕೆ ಆಗುವುದಿಲ್ಲ?